ಗುಹೆ ಕಂಡಿತು, ಬಾಗಿಲು ಕಾಣಲಿಲ್ಲ

ಸಿನೆಮಾ ಪಂಡಿತರದ್ದು ಒಂದು ಆಟ ಇದೆ. ಪರದೆ ಮೇಲೆ ಗುಹೆ ಬಂದರೆ ಅದು ಗರ್ಭ. ಸುರಂಗ ಬಂದರೂ ಗರ್ಭ. ಅಂತರಿಕ್ಷ ನೌಕೆಯ ಕಾರಿಡಾರ್ ಬಂದರೂ ಗರ್ಭವೇ. ನೀರು ಬಂದರೆ ಗರ್ಭಜಲ, ಹಗ್ಗ ಬಂದರೆ ಹೊಕ್ಕುಳಬಳ್ಳಿ, ಹಲ್ಲಿರುವ ಬಾಯಿ ಬಂದರೆ... ಬೇಡ ಬಿಡಿ, ಈ ಬ್ಲಾಗನ್ನು ನಮ್ಮ ಮನೆಯವರೂ ಓದ್ತಾರೆ :-)

ತಮಾಷೆ ಮಾಡ್ತಿದೀನಿ ಅಂದುಕೊಳ್ಳಬೇಡಿ. ಹಾರರ್ ಮತ್ತು ಸೈನ್ಸ್ ಫಿಕ್ಷನ್ ಸಿನೆಮಾಗಳಲ್ಲಿ ಹೆಣ್ಣು ಹೇಗೆ ಬರುತ್ತಾಳೆ, ವಿಜ್ಞಾನ ಹೇಗೆ ಬರುತ್ತದೆ, ಎರಡಕ್ಕೂ ಏನು ಸಂಬಂಧ ಅಂತ ಇಂಗ್ಲಿಷಿನಲ್ಲಿ ಸುಮಾರು ಐವತ್ತು ವರ್ಷದಿಂದ ಗಂಭೀರವಾಗಿ ಬರೆಯುತ್ತಿದ್ದಾರೆ. ಅದರಲ್ಲಿ ಒಳ್ಳೆಯದು ತುಂಬಾ ಇದೆ. ಆದರೆ ಆ ಇಡೀ ಓಣಿಯಲ್ಲಿ ಅತಿ ಜೋರಾಗಿ ಕೇಳಿಸುವ ದನಿ ಈ ಗುಹೆ-ಗರ್ಭದ ದನಿ. ನನ್ನ ಜಗಳ ಅದರ ಜೊತೆ. ಹೆಣ್ಣಿನ ದೇಹ ಎಲ್ಲೆಲ್ಲಿ ಅಡಗಿದೆ ಅಂತ ಹುಡುಕುವುದರಲ್ಲಿ ಅದು ಎಷ್ಟು ಮುಳುಗಿಹೋಗಿದೆ ಅಂದರೆ, ಅದೇ ಸಿನೆಮಾದಲ್ಲಿ ಒಬ್ಬ ಹೆಂಗಸು ನಿಂತು ಬಾಯಿಬಿಟ್ಟು ಹೇಳುತ್ತಿರುವ ಮಾತು ಅದಕ್ಕೆ ಕೇಳಿಸುವುದಿಲ್ಲ. ವಿಜ್ಞಾನ ಅನ್ನೋದು ಒಂದು ಕೆಲಸ, ಆ ಕೆಲಸವನ್ನು ಯಾರು ಮಾಡುತ್ತಾರೆ, ಯಾರ ಮಾತು ನಡೆಯುತ್ತದೆ ಅನ್ನೋ ಪ್ರಶ್ನೆ ಗರ್ಭದ ಕತ್ತಲಲ್ಲಿ ಕಳೆದುಹೋಗುತ್ತದೆ.

ಜಗಳಕ್ಕೆ ಮುಂಚೆ ಎದುರಾಳಿಯ ಮಾತು ಸರಿಯಾಗಿ ಹೇಳಬೇಕು, ಇಲ್ಲದಿದ್ದರೆ ಅದು ಜಗಳವಲ್ಲ, ಬೈಗುಳ.

1975ರಲ್ಲಿ ಲಾರಾ ಮಲ್ವಿ ಅನ್ನುವಾಕೆ ಬ್ರಿಟನ್ನಿನ 'ಸ್ಕ್ರೀನ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಹಾಲಿವುಡ್ಡಿನ ಕ್ಯಾಮೆರಾ ಗಂಡಿನ ಕಣ್ಣಿಂದ ನೋಡುತ್ತೆ, ಅದರಲ್ಲಿ ಹೆಣ್ಣು ಇರೋದು ನೋಡಿಸಿಕೊಳ್ಳೋಕೆ ಅನ್ನೋದು ಅದರ ಸಾರ. ಫ್ರಾಯ್ಡ್ ಮತ್ತು ಲಕಾನ್ ಸಿನೆಮಾ ವಿಮರ್ಶೆಯಲ್ಲಿ ಗಟ್ಟಿಯಾಗಿ ಕುರ್ಚಿ ಹಾಕಿಕೊಂಡಿದ್ದಕ್ಕೆ ಆ ಲೇಖನದ್ದೂ ದೊಡ್ಡ ಪಾಲು. 1980ರಲ್ಲಿ ಜೂಲಿಯಾ ಕ್ರಿಸ್ತೇವಾ ಫ್ರೆಂಚಿನಲ್ಲಿ ಒಂದು ಪುಸ್ತಕ ಬರೆದರು: ರಕ್ತ, ಕೀವು, ಹೆಣ, ಅಂದರೆ 'ನಾನು' ಅನ್ನೋದಕ್ಕೆ ಗಡಿ ಹಾಕಿಕೊಳ್ಳೋಕೆ ನಾವು ಹೊರಗೆ ದೂಡುವ ಎಲ್ಲದರ ಬಗ್ಗೆ. ಹಾಗೆ ನಾವು ಮೊದಲು ದೂರ ಮಾಡಬೇಕಾಗಿ ಬರುವುದು ತಾಯಿಯ ದೇಹವನ್ನೇ ಅನ್ನೋದು ಅವರ ವಾದ. ಆಸ್ಟ್ರೇಲಿಯಾದ ಬಾರ್ಬರಾ ಕ್ರೀಡ್ ಇದನ್ನು ಹಾರರ್ ಸಿನೆಮಾಗೆ ತಂದರು, ಮೊದಲು 1986ರ ಲೇಖನದಲ್ಲಿ, ಆಮೇಲೆ 1993ರ ಪುಸ್ತಕದಲ್ಲಿ. ಹಾರರ್‌ನಲ್ಲಿ ಹೆಣ್ಣು ಬರೀ ಕಿರುಚುವ ಬಲಿಪಶು ಅಲ್ಲ, ಎಷ್ಟೋ ಸಲ ರಾಕ್ಷಸ ರೂಪವೇ ಅವಳದು, ಅದೂ ತಾಯ್ತನದ ರೂಪ ಅಂದರು. ಅವರ ಮುಖ್ಯ ಉದಾಹರಣೆಗಳಲ್ಲಿ ಒಂದು ರಿಡ್ಲಿ ಸ್ಕಾಟ್‌ನ 1979ರ 'ಏಲಿಯನ್'.

'ಏಲಿಯನ್' ನೋಡಿದವರಿಗೆ ಈ ವಾದ ಯಾಕೆ ಹಿಡಿಸುತ್ತೆ ಅಂತ ಗೊತ್ತಾಗುತ್ತೆ. ನೌಕೆಯ ಕಂಪ್ಯೂಟರಿನ ಹೆಸರೇ 'ಮದರ್'. ಏಳು ಜನ ಸಿಬ್ಬಂದಿ ಬಿಳೀ ತೊಟ್ಟಿಲಂಥ ಪೆಟ್ಟಿಗೆಗಳಿಂದ ಕಣ್ಣುಬಿಟ್ಟು ಏಳ್ತಾರೆ. ಕೇನ್ ಅನ್ನುವವನು ಯಾವುದೋ ಹಾಳುಬಿದ್ದ ನೌಕೆಯೊಳಗೆ ಮೊಟ್ಟೆಗಳಿರುವ ಕತ್ತಲ ಅಂಕಣಕ್ಕೆ ಇಳೀತಾನೆ. ಮುಖಕ್ಕೆ ಒಂದು ಜೀವಿ ಅಂಟಿಕೊಳ್ಳುತ್ತೆ. ಆಮೇಲೆ ಊಟದ ಮೇಜಿನ ಮೇಲೆ ಅವನ ಎದೆ ಸೀಳಿಕೊಂಡು ಮರಿ ಹೊರಗೆ ಬರುತ್ತೆ. ಗಂಡಸಿಗೆ ಹೆರಿಗೆ! ಸ್ವಿಟ್ಜರ್ಲೆಂಡಿನ ಕಲಾವಿದ ಗೀಗರ್ ಬರೆದ ಆ ಜೀವಿಯ ವಿನ್ಯಾಸದಲ್ಲಿ ಲೈಂಗಿಕ ಅಂಗಗಳ ಹೋಲಿಕೆ ಇರೋದು ಯಾರೋ ಪ್ರೊಫೆಸರ್ ಕಲ್ಪಿಸಿಕೊಂಡಿದ್ದಲ್ಲ, ಬೇಕಂತಲೇ ಮಾಡಿದ್ದು. ಅಷ್ಟರ ಮಟ್ಟಿಗೆ ಕ್ರೀಡ್ ಮೇಡಂ ಹೇಳಿದ್ದು ಸರಿ.

ಇನ್ನೊಂದನ್ನೂ ಒಪ್ಪಿಕೊಂಡುಬಿಡೋಣ. ಹುಚ್ಚು ವಿಜ್ಞಾನಿಯ ಕಥೆಗಳಿಗೆ ಈ ಸಿದ್ಧಾಂತ ಬಹಳ ಚೆನ್ನಾಗಿ ಕೂರುತ್ತೆ. 'ಫ್ರಾಂಕೆನ್‌ಸ್ಟೈನ್' ಅಂದರೆ ಹೆಣ್ಣಿನ ಹಂಗಿಲ್ಲದೆ ಮಗು ಮಾಡಹೊರಟ ಗಂಡಿನ ಕಥೆ ಅಂತ ಆನ್ ಮೆಲರ್‌ನಂಥ ವಿಮರ್ಶಕಿಯರು ಬರೆದಿದ್ದಾರೆ. 1931ರಲ್ಲಿ ಜೇಮ್ಸ್ ವೇಲ್ ಅದನ್ನು ಸಿನೆಮಾ ಮಾಡಿದಾಗ ಟೈಟಲ್ ಕಾರ್ಡಿನಲ್ಲಿ ಮೂಲ ಲೇಖಕಿಯ ಹೆಸರು ಹೇಗೆ ಬಂತು ಗೊತ್ತಾ? 'ಮಿಸೆಸ್ ಪರ್ಸಿ ಬಿ. ಶೆಲ್ಲಿ'! 1818ರಲ್ಲಿ ಮೇರಿ ಶೆಲ್ಲಿ ಬರೆದ ಕಾದಂಬರಿ, ಹೆಣ್ಣನ್ನು ಬದಿಗೊತ್ತಿ ಸೃಷ್ಟಿ ಮಾಡಿದವನ ಕಥೆ, ಅದರ ಸೃಷ್ಟಿಕರ್ತೆಯ ಹೆಸರೇ ಗಂಡನ ಹೆಸರಿನೊಳಗೆ ಮಾಯ. 2010ರ 'ಎಂದಿರನ್' ನೋಡಿ: ಗಂಡು ವಿಜ್ಞಾನಿ ಒಬ್ಬ ಮಗನಂಥ ಯಂತ್ರ ಮಾಡ್ತಾನೆ, ಯಂತ್ರ ಹೆರಿಗೆ ಮಾಡಿಸುತ್ತೆ, ಆಮೇಲೆ ಅಪ್ಪನ ಹುಡುಗಿಯನ್ನೇ ಬಯಸುತ್ತೆ. ಫ್ರಾಯ್ಡ್ ಇದ್ದಿದ್ದರೆ ಶಂಕರ್‌ಗೆ ಹಾರ ಹಾಕುತ್ತಿದ್ದ.

ಹಾಗಾದರೆ ಜಗಳ ಏನು? ಹೇಳ್ತೀನಿ.

*

'ಏಲಿಯನ್'ನಲ್ಲಿ ಇನ್ನೊಂದು ದೃಶ್ಯ ಇದೆ. ಎದೆ ಸೀಳುವುದಕ್ಕಿಂತ ಮುಂಚೆ ಬರುತ್ತೆ. ರಕ್ತ ಇಲ್ಲ, ಮೊಟ್ಟೆ ಇಲ್ಲ. ಒಂದು ಬಾಗಿಲಿದೆ ಅಷ್ಟೆ.

ಮುಖಕ್ಕೆ ಜೀವಿ ಅಂಟಿಕೊಂಡ ಕೇನ್‌ನನ್ನು ಹೊತ್ತುಕೊಂಡು ಕ್ಯಾಪ್ಟನ್ ಡಲಾಸ್ ಮತ್ತು ಲ್ಯಾಂಬರ್ಟ್ ನೌಕೆಯ ಬಾಗಿಲಿಗೆ ಬರ್ತಾರೆ. ಒಳಗೆ ರಿಪ್ಲಿ. ಕ್ಯಾಪ್ಟನ್ ಹೊರಗಿರುವಾಗ ಅಧಿಕಾರ ಅವಳದು. ಅವಳು ಬಾಗಿಲು ತೆಗೆಯೋಲ್ಲ ಅಂತಾಳೆ. ಕ್ವಾರಂಟೈನ್ ನಿಯಮ ಇದೆ, 24 ಗಂಟೆ ಹೊರಗಿಡಬೇಕು, ಒಳಗೆ ಬಿಟ್ಟರೆ ಎಲ್ಲರೂ ಸಾಯಬಹುದು ಅಂತಾಳೆ. ಡಲಾಸ್ ಕೂಗಾಡ್ತಾನೆ, ಆರ್ಡರ್ ಮಾಡ್ತಾನೆ. ರಿಪ್ಲಿ ಜಗ್ಗೋಲ್ಲ. ಆಗ ಆಶ್ ಎಂಬುವವನು ಸುಮ್ಮನೆ ಗುಂಡಿ ಒತ್ತಿ ಬಾಗಿಲು ತೆಗೆದುಬಿಡ್ತಾನೆ. ಅವನ ಹುದ್ದೆ ಏನು ಗೊತ್ತಾ? ಸೈನ್ಸ್ ಆಫೀಸರ್.

ಸ್ವಲ್ಪ ಹೊತ್ತಿನ ಮೇಲೆ ರಿಪ್ಲಿ ಅವನ ಲ್ಯಾಬಿಗೆ ಹೋಗಿ ಕೇಳ್ತಾಳೆ. ಅವರಿಲ್ಲದಾಗ ನಾನು ಹಿರಿಯ ಅಧಿಕಾರಿ ಅನ್ನೋದು ಮರೆತೆಯಾ ಅಂತ. ಹೌದು, ಮರೆತೆ ಅಂತಾನೆ. ವಿಜ್ಞಾನ ವಿಭಾಗದ ನಿಯಮವನ್ನೂ ಮರೆತೆಯಾ ಅಂದರೆ, ಅದನ್ನು ಮರೆತಿಲ್ಲ ಅಂತಾನೆ. ಆ ಮಾತಿನ ಧಾಟಿ ನೋಡಬೇಕು. ಸಿಟ್ಟಿಲ್ಲ, ಕೂಗಾಟವಿಲ್ಲ. ನಿನಗೆ ವಿಷಯ ಗೊತ್ತಾಗೋಲ್ಲ ಅನ್ನೋ ಒಂದು ತಣ್ಣನೆಯ ಸೌಜನ್ಯ.

ಇಲ್ಲಿ ನಿಂತು ಯೋಚನೆ ಮಾಡಿ. ಸಿನೆಮಾ ಏನು ಮಾಡಿದೆ? ವಿಜ್ಞಾನದ ಹುದ್ದೆ ಆಶ್‌ಗೆ ಕೊಟ್ಟಿದೆ, ವಿಜ್ಞಾನದ ಶಿಸ್ತು ರಿಪ್ಲಿಗೆ ಕೊಟ್ಟಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಒಪ್ಪಿಕೊಂಡು ದೂರ ಇಡು ಅನ್ನೋದು ಅವಳು. ಬಿರುದು ಇಟ್ಟುಕೊಂಡು ನಿಯಮ ಮುರಿಯೋನು ಅವನು. ಮುಂದೆ ಗೊತ್ತಾಗುತ್ತೆ, ಆಶ್ ಮನುಷ್ಯನೇ ಅಲ್ಲ, ಕಂಪನಿ ಕೂರಿಸಿರುವ ಯಂತ್ರಮಾನವ. ಜೀವಿಯನ್ನು ಹೇಗಾದರೂ ತರಬೇಕು, ಸಿಬ್ಬಂದಿ ಸತ್ತರೂ ಪರವಾಗಿಲ್ಲ ಅನ್ನೋದು ಅವನಿಗೆ ಬಂದಿರುವ ಗುಪ್ತ ಆದೇಶ. ಹೆಣ್ಣು ಮತ್ತು ವಿಜ್ಞಾನದ ಬಗ್ಗೆ ಈ ಸಿನೆಮಾ ಹೇಳುವ ಅತಿ ಮುಖ್ಯವಾದ ಮಾತು ಈ ಬಾಗಿಲ ಹತ್ತಿರ ಇದೆ. ಆದರೆ ಗರ್ಭವಾದದ ತೂಕ ಪೂರ್ತಿ ಬೀಳೋದು ಗುಹೆ ಮೇಲೆ.

ರಿಪ್ಲಿ 'ಮದರ್' ಕಂಪ್ಯೂಟರಿನ ಕೋಣೆಗೆ ಹೋಗಿ ಆ ಆದೇಶವನ್ನು ಓದಿಬಿಡುತ್ತಾಳೆ. ಅದಾದ ಮೇಲೆ ಅವಳು ಹೊರಗೆ ಹೋಗದಂತೆ ಆಶ್ ಬಾಗಿಲು ಮುಚ್ಚುತ್ತಾನೆ. ಜೀವಿಗೆ ಬಾಗಿಲು ತೆಗೆದವನೇ ಅವಳಿಗೆ ಬಾಗಿಲು ಮುಚ್ಚುತ್ತಾನೆ ನೋಡಿ. ಆಮೇಲೆ ಒಂದು ಪೋಲಿ ಮ್ಯಾಗಜೀನನ್ನು ಸುರುಳಿ ಸುತ್ತಿ ಅವಳ ಬಾಯಿಗೆ ತುರುಕುತ್ತಾನೆ. ಪಂಡಿತರು ಇದನ್ನು ಅತ್ಯಾಚಾರದ ಸಂಕೇತ ಅಂತಾರೆ. ಖಂಡಿತ ಹೌದು, ಅದನ್ನು ನೋಡೋಕೆ ಪಿಎಚ್‌ಡಿ ಬೇಡ. ಆದರೆ ಆ ಕ್ಷಣದಲ್ಲಿ ಅವಳ ಬಾಯಲ್ಲಿ ಏನಿತ್ತು ಅಂತ ಯಾಕೆ ಕೇಳೋಲ್ಲ? ಮಾಹಿತಿ ಇತ್ತು. ಉಳಿದವರಿಗೆ ಹೇಳಬೇಕಾಗಿದ್ದ ಸತ್ಯ ಇತ್ತು. ಅವನು ಮುಚ್ಚುತ್ತಿರೋದು ಒಬ್ಬ ಹೆಂಗಸಿನ ದೇಹದ ಬಾಯಿ ಮಾತ್ರ ಅಲ್ಲ, ಒಂದು ವರದಿಯನ್ನು.

ಇನ್ನೂ ಒಂದು. ಡಾನ್ ಒ'ಬ್ಯಾನನ್ ಬರೆದ ಸ್ಕ್ರಿಪ್ಟಿನಲ್ಲಿ ಪಾತ್ರಗಳನ್ನು ಗಂಡು ಹೆಣ್ಣು ಯಾರು ಬೇಕಾದರೂ ಮಾಡಬಹುದು ಅಂತ ಬಿಟ್ಟಿತ್ತು. ಆಮೇಲೆ ರಿಪ್ಲಿ ಹೆಣ್ಣಾದಳು, ಆ ಪಾತ್ರಕ್ಕೆ ಸಿಗೋರ್ನಿ ವೀವರ್ ಬಂದರು. ಆ ಬಾಗಿಲ ಮಾತನ್ನು ಹೆಣ್ಣು ಹೇಳಿದಾಗ ಅದರ ಅರ್ಥವೇ ಬೇರೆಯಾಯಿತು. ಯಾಕೆ ಬೇರೆಯಾಯಿತು ಅನ್ನೋದಕ್ಕೆ ಅಚೇತನ ಮನಸ್ಸಿನ ಆಳಕ್ಕೆ ಇಳಿಯಬೇಕಿಲ್ಲ, ಯಾವುದಾದರೂ ಆಫೀಸಿನ ಮೀಟಿಂಗ್ ರೂಮಿಗೆ ಹೋಗಿ ಕೂತರೆ ಸಾಕು.

ನಾನು ಓದಿದ್ದು ಮೆಕ್ಯಾನಿಕಲ್. ಕ್ಲಾಸಲ್ಲಿ 60 ಜನ, ಹುಡುಗಿಯರು ನಾವು ನಾಲ್ವರು. ಎಲ್ಲರಂತೆ ಸಾಫ್ಟ್‌ವೇರಿಗೆ ಬಂದೆ. ಮೊದಲು ಕೆಲಸ ಮಾಡುತ್ತಿದ್ದ ಕಡೆ ಒಂದು ಡೇಟಾ ಮೈಗ್ರೇಷನ್ ಇತ್ತು. ಏನಾದರೂ ಹೆಚ್ಚುಕಡಿಮೆಯಾದರೆ ವಾಪಸ್ ಬರೋ ದಾರಿಯೇ ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ರಿವ್ಯೂನಲ್ಲಿ ಬರೆದು ಹಾಕಿದೆ, ಮೀಟಿಂಗಲ್ಲಿ ಹೇಳಿದೆ. "ಅಷ್ಟೊಂದು ಟೆನ್ಶನ್ ತಗೋಬೇಡಿ" ಅಂತ ನಗುನಗುತ್ತಾ ನನ್ನ ಕಾಮೆಂಟನ್ನು ಮುಚ್ಚಿ, ಗುಂಡಿ ಒತ್ತಿದರು. ಶನಿವಾರ ರಾತ್ರಿ ದಾಖಲೆಗಳೆಲ್ಲ ಎರಡೆರಡಾದವು. ಸರಿ ಮಾಡೋಕೆ ಫೋನ್ ಬಂದಿದ್ದು ನನಗೇ. ಸೋಮವಾರದ ವರದಿಯಲ್ಲಿ 'ಪ್ರೊಸೆಸ್ ಗ್ಯಾಪ್' ಅಂತ ಬರೆದರು. ಗ್ಯಾಪ್ ಇದೆ ಅಂತ ಹೇಳಿದ್ದು ಯಾರು ಅನ್ನೋದು ಅದರಲ್ಲಿ ಇರಲಿಲ್ಲ. ಅದೇ ವರ್ಷ ಆಯುಧಪೂಜೆಗೆ ರಂಗೋಲಿ ಹಾಕೋರ ಪಟ್ಟಿಯಲ್ಲಿ ಮಾತ್ರ ನನ್ನ ಹೆಸರು ಮೊದಲನೇದು.

ಇದನ್ನು ಅಳೋಕೆ ಹೇಳ್ತಿಲ್ಲ. ಇದು ನನ್ನೊಬ್ಬಳ ಕಥೆಯೂ ಅಲ್ಲ, ಓದ್ತಿರೋ ಹುಡುಗಿಯರಲ್ಲಿ ಅರ್ಧ ಜನ ಈಗ ತಲೆಯಾಡಿಸ್ತಿದೀರಿ ಅಂತ ಗೊತ್ತು. ಹೇಳೋದು ಇಷ್ಟೇ: 'ಏಲಿಯನ್' ನೋಡಿದಾಗ ನನಗೆ ಎದೆ ಝಲ್ಲೆಂದದ್ದು ಮೊಟ್ಟೆ ಕಂಡಾಗಲ್ಲ, ಆಶ್ ಗುಂಡಿ ಒತ್ತಿದಾಗ. ಈ ಸಿನೆಮಾದಲ್ಲಿ ನಿನ್ನ ಜಾಗ ಯಾವುದು ಅಂತ ಗರ್ಭವಾದವನ್ನು ಕೇಳಿದರೆ ಅದು ಗುಹೆ ತೋರಿಸುತ್ತೆ. ನನಗೆ ಗುಹೆ ಬೇಡ ಸ್ವಾಮಿ, ನಾನು ನಿಂತಿರೋದು ಬಾಗಿಲ ಹತ್ತಿರ.

*

ಒಂದೇ ಸಿನೆಮಾ ಇಟ್ಟುಕೊಂಡು ಗುದ್ದಾಡ್ತಿದೀಯ ಅನ್ನಬಹುದು. ಸರಿ, 25 ವರ್ಷ ಹಿಂದಕ್ಕೆ ಹೋಗೋಣ.

1954ರ 'ದೆಮ್!'. ಅಣುಬಾಂಬ್ ಪರೀಕ್ಷೆಯ ವಿಕಿರಣದಿಂದ ನ್ಯೂ ಮೆಕ್ಸಿಕೋ ಮರುಭೂಮಿಯಲ್ಲಿ ದೈತ್ಯ ಇರುವೆಗಳು ಹುಟ್ಟಿಕೊಳ್ಳುವ ಕಥೆ. ಗೂಡಿದೆ, ಸುರಂಗಗಳಿವೆ, ಮೊಟ್ಟೆಗಳಿವೆ, ರಾಣಿಯರಿದ್ದಾರೆ. ಗರ್ಭವಾದಕ್ಕೆ ಹಬ್ಬದೂಟ! ರಾಕ್ಷಸ ತಾಯಿ, ಅಂಕೆಯಿಲ್ಲದೆ ಹೆರುವ ಹೆಣ್ಣು ಪ್ರಕೃತಿ, ಅದನ್ನು ಸುಡುವ ಗಂಡು ಸೇನೆ... ಅಧ್ಯಾಯ ತಾನೇ ಬರೆದುಕೊಳ್ಳುತ್ತೆ.

ಆದರೆ ಅದೇ ಸಿನೆಮಾದಲ್ಲಿ ಡಾಕ್ಟರ್ ಪ್ಯಾಟ್ ಮೆಡ್‌ಫೋರ್ಡ್ ಅನ್ನುವಾಕೆ ಇದ್ದಾಳೆ. ಇರುವೆ ತಜ್ಞೆ, ತಜ್ಞನ ಮಗಳು. ವಿಮಾನದಿಂದ ಇಳಿಯುವಾಗ ಕ್ಯಾಮೆರಾ ಮೊದಲು ತೋರಿಸೋದು ಅವಳ ಕಾಲನ್ನು. ಮಲ್ವಿ ಮೇಡಂ ಹೇಳಿದ್ದು ಅಕ್ಷರಶಃ ನಿಜ, ಇಲ್ಲ ಅನ್ನೋಲ್ಲ. ಆದರೆ ಸಿನೆಮಾ ಅಲ್ಲಿಗೆ ನಿಲ್ಲೋಲ್ಲ. ಗೂಡಿಗೆ ವಿಷಾನಿಲ ಬಿಟ್ಟ ಮೇಲೆ ಒಳಗೆ ಇಳಿದು ನೋಡಬೇಕು. ನಾನೂ ಬರ್ತೀನಿ ಅಂತಾಳೆ. ಎಫ್‌ಬಿಐ ಅಧಿಕಾರಿ ಗ್ರಹಾಂ, ಅದು ಹೆಂಗಸರು ಹೋಗೋ ಜಾಗ ಅಲ್ಲ ಅಂತಾನೆ. ಏನನ್ನು ಹುಡುಕಬೇಕು, ಕಂಡರೆ ಅದೇನು ಅಂತ ಹೇಳೋಕೆ ಗೊತ್ತಿರೋರು ಒಬ್ಬರು ಕೆಳಗೆ ಇರಲೇಬೇಕು, ನಿನಗೆ ಪಾಠ ಮಾಡ್ತಾ ಕೂರೋಕೆ ಟೈಮಿಲ್ಲ ಅನ್ನೋ ಅರ್ಥದಲ್ಲಿ ಅವನ ಬಾಯಿ ಮುಚ್ಚಿಸಿ ಇಳಿದೇಬಿಡ್ತಾಳೆ. ರಾಣಿಯ ಕೋಣೆಯಲ್ಲಿ ಒಡೆದ ಮೊಟ್ಟೆ ನೋಡಿ, ಹೊಸ ರಾಣಿಯರು ಹಾರಿಹೋಗಿದ್ದಾರೆ ಅಂತ ಗುರುತಿಸೋದು ಅವಳ ಓದು. ಉಳಿದದ್ದೆಲ್ಲ ಸುಟ್ಟುಹಾಕಿ ಅಂತ ಆರ್ಡರ್ ಕೊಡೋದೂ ಅವಳೇ.

ಈಗ ಹೇಳಿ, ಇಲ್ಲಿ ಹೆಣ್ಣು ಯಾರು? ಸಿದ್ಧಾಂತಕ್ಕೆ ಕಣ್ಣಿಗೆ ಬೀಳೋ ಹೆಣ್ಣು ರಾಣಿ ಇರುವೆ. ಸುಡಿ ಅಂದ ವಿಜ್ಞಾನಿಯನ್ನು ಏನು ಮಾಡ್ತೀರಿ? 'ಗಂಡು ವ್ಯವಸ್ಥೆಯ ಪರವಾಗಿ ನಿಂತ ಹೆಣ್ಣು' ಅಂದುಬಿಡಬಹುದು. ಅಂದರೆ ಹೆಣ್ಣು ಮೊಟ್ಟೆ ಇಟ್ಟರೆ ಹೆಣ್ಣು, ಮೊಟ್ಟೆಯನ್ನು ಅಧ್ಯಯನ ಮಾಡಿದರೆ ಗಂಡು! ಹೆಣ್ಣು ಅಂದರೆ ಪ್ರಕೃತಿ, ವಿಜ್ಞಾನ ಅಂದರೆ ಗಂಡು ಅನ್ನೋ ಹಳೇ ಸಮೀಕರಣವನ್ನು ಮುರಿಯೋಕೆ ಹೊರಟವರು ಕೊನೆಗೆ ಅದಕ್ಕೇ ಮೊಹರು ಒತ್ತಿದ ಹಾಗಾಯಿತು. ಕ್ರೀಡ್ ಅವರ ಉದ್ದೇಶ ಅದಾಗಿರಲಿಲ್ಲ. ಗಂಡಸರ ಭಯವನ್ನು ಬಯಲಿಗೆ ಎಳೆಯೋದು ಅವರ ಉದ್ದೇಶ. ಆದರೆ ಅವರನ್ನು ಅನುಸರಿಸಿದ ಓದಿನ ಚಾಳಿ ಹೋಗಿ ನಿಂತದ್ದು ಇಲ್ಲಿ.

ನಮ್ಮ ಕಡೆಯಿಂದ ಒಂದು ಇಂಜಿನಿಯರ್ ಪ್ರಶ್ನೆ. ರಾಕ್ಷಸ ಹೆಣ್ಣಾದರೆ ಅದು ತಾಯಿಯ ಭಯ. ಗಂಡಾದರೆ ತಾಯಿಯ ಭಯವೇ ವೇಷ ಮರೆಸಿಕೊಂಡು ಬಂದಿದೆ. ಸಿನೆಮಾದಲ್ಲಿ ತಾಯಿಯೇ ಇಲ್ಲದಿದ್ದರೆ ಆ ಇಲ್ಲದಿರುವಿಕೆಯೇ ಸಾಕ್ಷಿ. ಯಾವ ಇನ್‌ಪುಟ್ ಕೊಟ್ಟರೂ 'ಟ್ರೂ' ಅಂತ ರಿಟರ್ನ್ ಮಾಡೋ ಫಂಕ್ಷನ್ನಿಗೆ ನಾವು ಏನಂತೀವಿ? ಬಗ್ ಅಂತೀವಿ. ವಿಮರ್ಶೆ ವಿಜ್ಞಾನ ಅಲ್ಲಮ್ಮಾ, ಅದನ್ನು ಟೆಸ್ಟ್ ಕೇಸ್ ಹಾಕಿ ಅಳೆಯೋಕಾಗಲ್ಲ ಅಂತ ಸಾಹಿತ್ಯದ ಸ್ನೇಹಿತರು ಹೇಳ್ತಾರೆ. ಒಪ್ಪಿದೆ. ಲ್ಯಾಬಿನ ಪರೀಕ್ಷೆ ಬೇಡ. ಆದರೆ ಎರಡು ಸಿನೆಮಾಗಳ ನಡುವಿನ ವ್ಯತ್ಯಾಸವನ್ನಾದರೂ ಹೇಳಬೇಕಲ್ಲ? ಎಲ್ಲದಕ್ಕೂ ಒಂದೇ ಉತ್ತರ ಕೊಡೋ ಓದು ಸಿನೆಮಾ ನೋಡಬೇಕಾದ ಅಗತ್ಯವನ್ನೇ ತೆಗೆದುಹಾಕುತ್ತೆ.

ಹೀಗಾಗದೇ ಇರೋಕೆ ಸಾಧ್ಯ ಅನ್ನೋದಕ್ಕೆ ಕ್ಯಾರಲ್ ಕ್ಲೋವರ್ ಇದ್ದಾರೆ. ಹಳೇ ನಾರ್ಸ್ ಸಾಹಿತ್ಯದ ವಿದ್ವಾಂಸೆ, ಚಾಕು ಹಿಡಿದು ಕೊಲ್ಲೋ ಸಿನೆಮಾಗಳ ಬಗ್ಗೆ 1987ರಲ್ಲಿ ಲೇಖನ, 1992ರಲ್ಲಿ ಪುಸ್ತಕ ಬರೆದರು. ಕೊನೆಗೆ ಉಳಿಯುವ ಹುಡುಗಿಯ ಬಗ್ಗೆ ಮಾತಾಡ್ತಾ, ಥಿಯೇಟರಿನಲ್ಲಿ ಕೂತ ಗಂಡು ಹುಡುಗರು ಕೊಲೆಗಾರನ ಜೊತೆಯಲ್ಲ, ಆ ಹುಡುಗಿಯ ಜೊತೆ ನಿಲ್ಲುತ್ತಾರೆ ಅಂದರು. ಅವರೂ ಫ್ರಾಯ್ಡ್ ಬಳಸ್ತಾರೆ. ಆದರೆ ಸಿನೆಮಾ ಅವರಿಗೆ ಗೊತ್ತಿಲ್ಲದ್ದನ್ನು ಹೇಳೋಕೆ ಬಿಟ್ಟರು. ನಾನು ಕೇಳ್ತಿರೋದು ಅಷ್ಟೇ ಸೌಜನ್ಯ.

*

2013ರ 'ಗ್ರಾವಿಟಿ' ಬಂದಾಗಲೂ ಇದೇ ಕಥೆ. ಡಾಕ್ಟರ್ ರಯಾನ್ ಸ್ಟೋನ್ ಅಂತರಿಕ್ಷ ನಿಲ್ದಾಣದೊಳಗೆ ಬಂದು, ಸೂಟ್ ಕಳಚಿ, ಹೊಟ್ಟೆಯಲ್ಲಿರೋ ಮಗುವಿನ ಹಾಗೆ ಮುದುರಿ ತೇಲುತ್ತಾಳೆ. ಹಿಂದೆ ಹೊಕ್ಕುಳಬಳ್ಳಿಯಂಥ ಕೊಳವೆ. ನಿರ್ದೇಶಕ ಕುವಾರೋನ್ ಕೈಯಾರೆ ತಟ್ಟೆಗೆ ಬಡಿಸಿದ ಸಂಕೇತ ಅದು. ಬರೆದವರೆಲ್ಲ ಅದನ್ನೇ ಬರೆದರು.

ಆದರೆ ಇಂಧನ ಮುಗಿದ ಸೊಯುಜ್‌ನಲ್ಲಿ ಅವಳು ಸಾಯೋಕೆ ಸಿದ್ಧಳಾಗಿ ಕೂತಾಗ ಏನಾಗುತ್ತೆ? ಸತ್ತುಹೋಗಿರುವ ಕೊವಾಲ್‌ಸ್ಕಿ, ಅಂದರೆ ಜಾರ್ಜ್ ಕ್ಲೂನಿ, ಭ್ರಮೆಯಲ್ಲಿ ಬಂದು ಪಕ್ಕದಲ್ಲಿ ಕೂತು, ನೆಲಕ್ಕಿಳಿಯೋಕೆ ಇರೋ ರಾಕೆಟ್ಟನ್ನು ಮುಂದೆ ಹೋಗೋಕೆ ಬಳಸು ಅಂತ ಉಪಾಯ ಹೇಳಿಹೋಗ್ತಾನೆ. ಅದು ಅವಳದೇ ಮನಸ್ಸು, ಅವಳಿಗೇ ಹೊಳೆದದ್ದು ಅಂತ ವಾದಿಸಬಹುದು. ಹಾಗಾದರೆ ಅವಳಿಗೆ ಹೊಳೆದ ಇಂಜಿನಿಯರಿಂಗ್ ಉಪಾಯವನ್ನು ಹೇಳೋಕೆ ಒಬ್ಬ ಸತ್ತ ಗಂಡಸನ್ನು ಕರೆಸಬೇಕಿತ್ತಾ? ಈ ಸಿನೆಮಾದಲ್ಲಿ ಹೆಣ್ಣು ಮತ್ತು ವಿಜ್ಞಾನದ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು. ಕೊಳವೆ ಆಮೇಲೆ.

1997ರ 'ಕಾಂಟ್ಯಾಕ್ಟ್'ನಲ್ಲಿ ಸಿನೆಮಾನೇ ಈ ಪ್ರಶ್ನೆ ಎತ್ತುತ್ತೆ. ಅನ್ಯಲೋಕದ ಸಂಕೇತ ಹಿಡಿದವಳು ಎಲೀ ಆರೋವೇ. ಪತ್ರಿಕಾಗೋಷ್ಠಿಯಲ್ಲಿ ಮಾತಾಡೋಕೆ ಅವಳು ತಯಾರಾಗಿ ನಿಂತಿದ್ದಾಗ ಕರೆ ಬರೋದು ಡ್ರಮ್ಲಿನ್‌ಗೆ, ಅವಳ ಕೆಲಸವನ್ನೇ ನಿಲ್ಲಿಸೋಕೆ ನೋಡಿದವನಿಗೆ. ಜೋಡಿ ಫಾಸ್ಟರ್ ಮುಖ ನೋಡಿ ಆ ಒಂದು ಕ್ಷಣ. ಅಲ್ಲಿ ಯಾವ ಗುಹೆಯೂ ಇಲ್ಲ.

ಇಂಥ ಪ್ರಶ್ನೆ ಕೇಳಿದ ವಿದ್ವಾಂಸರು ಇಲ್ಲ ಅಂತಲ್ಲ, ಇದ್ದಾರೆ. ಎವೆಲಿನ್ ಫಾಕ್ಸ್ ಕೆಲ್ಲರ್ ಮೊದಲು ಭೌತವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿ ಆಮೇಲೆ ಈ ಕಡೆ ಬಂದವರು. ವಿಜ್ಞಾನದ 'ವಸ್ತುನಿಷ್ಠತೆ' ಅನ್ನೋ ಕಲ್ಪನೆಗೇ ಗಂಡಸುತನದ ಅಂಗಿ ಹೇಗೆ ತೊಡಿಸಿದರು ಅಂತ 1985ರ ಪುಸ್ತಕದಲ್ಲಿ ಬರೆದರು. ಅವರೂ ಮನೋವಿಶ್ಲೇಷಣೆ ಬಳಸಿದರು, ಆದರೆ ಲ್ಯಾಬಿನೊಳಗೆ ನಿಂತು ಬಂದವರ ಹಾಗೆ ಬರೆದರು. ಸಿನೆಮಾ ಕಡೆ ಆಂಡ್ರ್ಯೂ ಟ್ಯೂಡರ್ 1989ರ ಪುಸ್ತಕದಲ್ಲಿ, 1931ರಿಂದ 1984ರವರೆಗೆ ಬ್ರಿಟನ್ನಿನಲ್ಲಿ ಬಂದ 990 ಹಾರರ್ ಸಿನೆಮಾಗಳನ್ನು ಎಣಿಸಿ, ಹುಚ್ಚು ವಿಜ್ಞಾನಿಯ ಜಾಗಕ್ಕೆ ಕಾಲಕ್ರಮೇಣ ಮಾನಸಿಕ ವಿಕೃತ ಕೊಲೆಗಾರ ಹೇಗೆ ಬಂದ ಅಂತ ತೋರಿಸಿದರು. ವಿಯೆನ್ನಾದ ಎವಾ ಫ್ಲಿಕರ್ 2003ರಲ್ಲಿ ಸುಮಾರು 60 ಸಿನೆಮಾ ನೋಡಿ, ಪರದೆ ಮೇಲಿನ ಮಹಿಳಾ ವಿಜ್ಞಾನಿಯರನ್ನು ಆರು ಅಚ್ಚುಗಳಲ್ಲಿ ಹಾಕಿದರು: ಮದುವೆಯಾಗದೆ ಉಳಿದವಳು, ಗಂಡುಬೀರಿ, ಓದಿದ್ದರೂ ಪೆದ್ದಿ, ಸಂಚುಗಾರ್ತಿ, ಯಾರದೋ ಮಗಳು ಇಲ್ಲವೇ ಸಹಾಯಕಿ, ಮತ್ತೆ ಒಂಟಿ ನಾಯಕಿ. ಈ ಆರನ್ನು ಕಿಸೆಯಲ್ಲಿ ಇಟ್ಟುಕೊಂಡು ಯಾವ ಸಿನೆಮಾಗಾದರೂ ಹೋಗಿ. ಪ್ಯಾಟ್ ಎಲ್ಲಿ ಕೂರುತ್ತಾಳೆ, ಎಲೀ ಎಲ್ಲಿ, ಮುಖ್ಯವಾಗಿ ಯಾರು ಎಲ್ಲೂ ಕೂರೋಲ್ಲ ಅಂತ ನಿಮಗೇ ಗೊತ್ತಾಗುತ್ತೆ. ತಪ್ಪಾಗೋ ಸಾಧ್ಯತೆ ಇರೋ ಸಿದ್ಧಾಂತ ಅಂದರೆ ಇದು. ಆದರೆ ವಿಮರ್ಶೆಯಲ್ಲಿ ಗರ್ಭಕ್ಕೆ ಇರೋ ಮರ್ಯಾದೆ ಎಣಿಕೆಗಿಲ್ಲ. ಎಣಿಸೋದು ಗುಮಾಸ್ತರ ಕೆಲಸ ಅಂತ ಮೂಗು ಮುರೀತಾರೆ.

*

ಇದೆಲ್ಲ ಹೊರಗಿನವರ ತಲೆನೋವು ಅನ್ನೋರಿಗೆ ಬೆಂಗಳೂರಿನಲ್ಲೇ ಹುಟ್ಟಿದ ಒಂದು ಉದಾಹರಣೆ ಇದೆ.

2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳನ ಕಕ್ಷೆ ಸೇರಿತು. ಆವತ್ತು ಸೀರೆ ಉಟ್ಟು, ಹೂ ಮುಡಿದ ಇಸ್ರೋ ಹೆಂಗಸರು ನಗುತ್ತಾ ಸಂಭ್ರಮಿಸುವ ಫೋಟೋ ಪ್ರಪಂಚವೆಲ್ಲ ಓಡಾಡಿತು. ಆ ಚಿತ್ರದಲ್ಲಿರೋರು ಆಡಳಿತ ವಿಭಾಗದವರು, ಆದರೆ ಯೋಜನೆಯಲ್ಲಿ ಹಲವು ಮಹಿಳಾ ವಿಜ್ಞಾನಿಗಳೂ ಕೆಲಸ ಮಾಡಿದ್ದಾರೆ ಅಂತ ಇಸ್ರೋ ಆಮೇಲೆ ಸ್ಪಷ್ಟಪಡಿಸಿತು. ಚಿತ್ರ ಎಲ್ಲರಿಗೂ ಬೇಕಿತ್ತು, ಕೆಲಸ ಏನು ಅಂತ ಯಾರೂ ಕೇಳಿರಲಿಲ್ಲ.

2019ರಲ್ಲಿ ಹಿಂದಿಯಲ್ಲಿ 'ಮಿಷನ್ ಮಂಗಲ್' ಬಂತು. ಹೆಣ್ಣು ವಿಜ್ಞಾನಿಗಳ ಸಿನೆಮಾ ಅಂತ ಪ್ರಚಾರ, ಪೋಸ್ಟರಿನಲ್ಲಿ ಎದ್ದು ಕಾಣೋದು ಅಕ್ಷಯ್ ಕುಮಾರ್. ಅದು ಹೋಗಲಿ, ಮಾರ್ಕೆಟಿಂಗ್. ವಿದ್ಯಾ ಬಾಲನ್ ಮಾಡಿದ ತಾರಾ ಪಾತ್ರಕ್ಕೆ ಇಂಧನ ಉಳಿಸೋ ಉಪಾಯ ಹೊಳೆಯೋದು ಎಲ್ಲಿ? ಒಲೆ ಮುಂದೆ, ಪೂರಿ ಕರಿಯುವಾಗ. ಗ್ಯಾಸ್ ಆರಿಸಿದರೂ ಕಾದ ಎಣ್ಣೆಯಲ್ಲಿ ಪೂರಿ ಬೇಯುತ್ತೆ ಅಂತ.

ಅಡುಗೆಮನೆಯ ಜ್ಞಾನ ಕೀಳಾ ಅಂತ ಕೇಳಬೇಡಿ. ಖಂಡಿತ ಅಲ್ಲ. ಒಗ್ಗರಣೆಗೆ ಎಣ್ಣೆ ಎಷ್ಟು ಕಾಯಬೇಕು ಅಂತ ನಮ್ಮಮ್ಮನಿಗೆ ಗೊತ್ತಿರೋದು ಯಾವ ಥರ್ಮಾಮೀಟರಿಗೂ ಕಡಿಮೆಯಲ್ಲ. ನನ್ನ ಪ್ರಶ್ನೆ ಬೇರೆ. ಗಂಡು ವಿಜ್ಞಾನಿಗೆ ಪರದೆ ಮೇಲೆ ಯಾವತ್ತಾದರೂ ಪೂರಿ ಕರೀತಾ ಐಡಿಯಾ ಬಂದಿದೆಯಾ? ಅವನಿಗೆ ಬೋರ್ಡಿನ ಮುಂದೆ ಬರುತ್ತೆ. ಅವಳ ವಿಜ್ಞಾನಕ್ಕೆ ಮಾತ್ರ ಮನೆಯಿಂದ ಪರ್ಮಿಷನ್ ಲೆಟರ್ ಬೇಕು.

ನಿಜವಾಗಿ ನಡೆದದ್ದು ಎಷ್ಟು ರೋಚಕ ಗೊತ್ತಾ? ಪಿಎಸ್‌ಎಲ್‌ವಿಗೆ ನೌಕೆಯನ್ನು ನೇರ ಮಂಗಳಕ್ಕೆ ಎಸೆಯೋ ಶಕ್ತಿ ಇರಲಿಲ್ಲ. 2013ರ ನವೆಂಬರ್ 5ಕ್ಕೆ ಹಾರಿದ ನೌಕೆಯನ್ನು ಭೂಮಿಯ ಸುತ್ತಲೇ ತಿರುಗಿಸುತ್ತಾ, ಹಂತಹಂತವಾಗಿ ಕಕ್ಷೆ ಎತ್ತರಿಸಿ, ಡಿಸೆಂಬರ್ ಶುರುವಿನಲ್ಲಿ ಆಚೆ ಕಳಿಸಿದರು. ಮಂಗಳನ ಹತ್ತಿರ ಹೋದ ಮೇಲೆ ಸಿಗ್ನಲ್ ಮುಟ್ಟೋಕೇ ಹಲವು ನಿಮಿಷ ಬೇಕು. ಏನಾದರೂ ಕೆಟ್ಟರೆ ಇಲ್ಲಿಂದ ಹೇಳಿ ಸರಿ ಮಾಡೋ ಹೊತ್ತಿಗೆ ಕಥೆ ಮುಗಿದಿರುತ್ತೆ. ಆದ್ದರಿಂದ ನೌಕೆ ತನ್ನ ತೊಂದರೆಯನ್ನು ತಾನೇ ಗುರುತಿಸಿ ತಾನೇ ಸರಿಮಾಡಿಕೊಳ್ಳೋ ಸ್ವಾಯತ್ತ ವ್ಯವಸ್ಥೆ ಬೇಕಿತ್ತು. ಆ ಕೆಲಸದಲ್ಲಿ ರಿತು ಕರಿಧಾಲ್ ಇದ್ದರು. ಅವರೂ ನಂದಿನಿ ಹರಿನಾಥ್ ಅವರೂ ಆ ಯಾನದ ಉಪ ಕಾರ್ಯಾಚರಣಾ ನಿರ್ದೇಶಕಿಯರು. ಕೋಟ್ಯಂತರ ಕಿಲೋಮೀಟರ್ ದೂರದಲ್ಲಿ, ರೀಸ್ಟಾರ್ಟ್ ಮಾಡೋಕೂ ಕೈಗೆ ಸಿಗದ ಯಂತ್ರಕ್ಕೆ ಮುಂದಾಗಬಹುದಾದ ಎಲ್ಲ ತಪ್ಪನ್ನೂ ಮೊದಲೇ ಊಹಿಸಿ ತಯಾರಿ ಮಾಡೋದು! ನಮ್ಮಂಥವರಿಗೆ ಮೈ ನವಿರೇಳೋ ಕಥೆ ಅದು. ಸಿನೆಮಾ ನೋಡಿದವರ ನೆನಪಲ್ಲಿ ಉಳಿದದ್ದು ಪೂರಿ.

ಗರ್ಭವಾದ ಇಟ್ಟುಕೊಂಡು ಈ ಪೂರಿಯನ್ನು ಓದಿ ನೋಡೋಣ. ದುಂಡಗಿದೆ, ಉಬ್ಬುತ್ತೆ ಅಂತ ಏನಾದರೂ ಹೇಳಬಹುದೇನೋ :-) ಆದರೆ ಉಪಾಯ ಎಲ್ಲಿ ಹುಟ್ಟಬೇಕು ಅಂತ ಯಾರು ತೀರ್ಮಾನಿಸಿದರು, ಯಾರ ಕೆಲಸ ಪರದೆಯಿಂದ ಬಿಟ್ಟುಹೋಯಿತು ಅನ್ನೋದಕ್ಕೆ ಅದರ ಹತ್ತಿರ ಉತ್ತರ ಇಲ್ಲ.

ಕೊನೆಗೆ, "ಸಿನೆಮಾ ಸಿನೆಮಾ ಥರ ನೋಡ್ರಪ್ಪಾ, ಏನಿದೆಲ್ಲ ತಲೆಹರಟೆ" ಅನ್ನೋ ನಮ್ಮ ಗೆಳೆಯರಿಗೆ ಒಂದು ಮಾತು. ಇದನ್ನು ಓದಿ, ನೋಡಿದ್ಯಾ ಸಿದ್ಧಾಂತ ಎಲ್ಲ ಬೊಗಳೆ ಅಂತ ಅವಳೂ ಹೇಳಿದಳು ಅಂತ ಖುಷಿಪಡಬೇಡಿ. ಸಿದ್ಧಾಂತ ಸಾಲದು, ಇನ್ನೂ ಹತ್ತಿರ ಹೋಗಿ ನೋಡಬೇಕು ಅಂತ ನಾನು ಹೇಳ್ತಿರೋದು. ನೀವು ಬಾಗಿಲೂ ನೋಡಲಿಲ್ಲ, ಗುಹೆಯೂ ನೋಡಲಿಲ್ಲ, ಪಾಪ್‌ಕಾರ್ನ್ ತಿಂದು ಬಂದಿರಿ. ಕ್ರೀಡ್ ಮೇಡಂ ಗುಹೆಯನ್ನಾದರೂ ಕಂಡರು.

ಕನ್ನಡದಲ್ಲಿ ಸಿನೆಮಾ ಬಗ್ಗೆ ಬರೆಯೋ ಬ್ಲಾಗಿಗರು ನಾವು ಬೇಕಾದಷ್ಟು ಜನ ಇದ್ದೀವಿ. ಇಂಗ್ಲಿಷಿನಲ್ಲಿ ಬಂದದ್ದನ್ನು ಹೊತ್ತು ತಂದು ಇಳಿಸೋದೇ ನಮ್ಮ ಕೆಲಸ ಆಗಬೇಕಿಲ್ಲ. ಮುಂದಿನ ಸಲ ವಿಜ್ಞಾನಿ ಬರೋ ಯಾವ ಸಿನೆಮಾ ಬಗ್ಗೆ ಬರೆದರೂ ಮೊದಲು ನಾಲ್ಕು ಸಾಲು ಇದನ್ನು ಬರೆಯಿರಿ: ಅಪಾಯ ಇದೆ ಅಂತ ಮೊದಲು ಹೇಳಿದ್ದು ಯಾರು? ಆ ಮಾತನ್ನು ತಳ್ಳಿಹಾಕಿದ್ದು ಯಾರು, ಯಾವ ಹುದ್ದೆಯಿಂದ? ಉಪಾಯ ಯಾರಿಗೆ ಹೊಳೆಯಿತು, ಯಾರ ಬಾಯಿಂದ ಹೊರಗೆ ಬಂತು? ಟೈಟಲ್ ಕಾರ್ಡಿನಲ್ಲಿ ಯಾರ ಹೆಸರು ಬಂತು?

ಇಷ್ಟಕ್ಕೆ ಉತ್ತರ ಬರೆದಾದ ಮೇಲೆ ಜಾಗ ಉಳಿದಿದ್ದರೆ ಗುಹೆಗೆ ಇಳಿಯಿರಿ, ನಾನೂ ಟಾರ್ಚ್ ಹಿಡ್ಕೊಂಡು ಬರ್ತೀನಿ.